ಹಾಡು, ಲದ್ದಿ ಮತ್ತು ಕಿವಿಯ ಗುಗ್ಗೆ

ನೀಲಿ ತಿಮಿಂಗಿಲಗಳ ಅಧ್ಯಯನ ನನ್ನ ಉದ್ಯೋಗ ಎಂದು ಹೇಳಿದರೆ ಜನ ದೋಣಿ, ದುರ್ಬೀನು, ಉಪ್ಪುಗಾಳಿ ಎಂದೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನನ್ನ ದಿನದ ಬಹುಪಾಲು ಕಳೆಯುವುದು ಪರದೆ ಎಳೆದ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ. ಸಮುದ್ರದ ತಳದಲ್ಲಿ ತಿಂಗಳುಗಟ್ಟಲೆ ಕೂತು ಮೇಲೆ ಬಂದ ಧ್ವನಿಗ್ರಾಹಕದ ಕಡತಗಳನ್ನು ಒಂದೊಂದಾಗಿ ತೆರೆದು ನೋಡುತ್ತೇನೆ. ಕೇಳುತ್ತೇನೆ ಎನ್ನಲಿಲ್ಲ, ನೋಡುತ್ತೇನೆ ಎಂದೇ ಬರೆದೆ. ಈ ಪ್ರಾಣಿಯನ್ನು ಕಣ್ಣಾರೆ ಕಂಡದ್ದು ಒಂದು ಕೈಯ ಬೆರಳೆಣಿಕೆಯಷ್ಟು ಸಲ. ಅದರ ದನಿಯನ್ನು ಪರದೆಯ ಮೇಲೆ ಕಂಡದ್ದಕ್ಕೆ ಲೆಕ್ಕವಿಟ್ಟಿಲ್ಲ.

ನೋಡುವುದು ಏಕೆಂದರೆ, 20 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20 ಕಂಪನಗಳಿಗಿಂತ ಕೆಳಗಿನ ಸದ್ದು ಮನುಷ್ಯರ ಕಿವಿಗೆ ದಕ್ಕುವುದಿಲ್ಲ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲದ ಕೂಗು ಸುಮಾರು 26 ಹರ್ಟ್ಸ್‌ನಲ್ಲಿ ಶುರುವಾಗಿ 18ರ ಹತ್ತಿರಕ್ಕೆ ಇಳಿಯುತ್ತದೆ. ಅಡ್ಡಕ್ಕೆ ಕಾಲ, ಮೇಲಕ್ಕೆ ಆವರ್ತನ ಇಟ್ಟು ಬಿಡಿಸಿದ ಚಿತ್ರದಲ್ಲಿ ಅದು ಇಂಗ್ಲಿಷಿನ ಝಡ್ ಅಕ್ಷರದಂತೆ ಮೂಡುತ್ತದೆ. ಕಡತವನ್ನು ಹತ್ತು ಪಟ್ಟು ವೇಗವಾಗಿ ಓಡಿಸಿದರೆ ನಮಗೂ ಕೇಳುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸುತ್ತ ನರಳಿದ ಹಾಗೆ. ಶ್ರೀಲಂಕಾದ ಸುತ್ತಲಿನ ತಿಮಿಂಗಿಲಗಳು ಈ ವಿಷಯದಲ್ಲಿ ಉದಾರಿಗಳು. ಅವುಗಳ ಹಾಡಿನ ಕೊನೆಯ ತುಣುಕು ನೂರು ಹರ್ಟ್ಸ್ ಆಸುಪಾಸಿನ ಉದ್ದನೆಯ ಒಂದೇ ಸ್ವರ. ಶ್ರುತಿಪೆಟ್ಟಿಗೆಯ ಒಂದು ಮನೆಯನ್ನು ತೆರೆದಿಟ್ಟು ಇಪ್ಪತ್ತು ಸೆಕೆಂಡು ಮರೆತುಬಿಟ್ಟಂತೆ.

ಇಲ್ಲೊಂದು ತಕರಾರು ಹೇಳಿಬಿಡುತ್ತೇನೆ. ನೀಲಿ ತಿಮಿಂಗಿಲದ ದನಿ 188 ಡೆಸಿಬೆಲ್, ಜೆಟ್ ವಿಮಾನಕ್ಕಿಂತ ಜೋರು ಎಂದು ಪತ್ರಿಕೆಗಳು ಪದೇ ಪದೇ ಬರೆಯುತ್ತವೆ. ನೀರಿನ ಡೆಸಿಬೆಲ್ ಬೇರೆ, ಗಾಳಿಯ ಡೆಸಿಬೆಲ್ ಬೇರೆ. ಅಳೆಯುವ ಮೂಲಬಿಂದುವೇ ಒಂದಲ್ಲ. ಹೋಲಿಸಲೇಬೇಕೆಂದರೆ ನೀರಿನ ಅಂಕಿಯಿಂದ 61ರಷ್ಟು ಕಳೆಯಬೇಕು. ಕಳೆದ ಮೇಲೂ ಅದು ದೊಡ್ಡ ದನಿಯೇ. ಆದರೆ ಅದರ ನಿಜವಾದ ಬಲ ಜೋರಿನಲ್ಲಿಲ್ಲ, ತಗ್ಗಿನಲ್ಲಿದೆ. ತಗ್ಗು ಸ್ವರ ನೀರಿನಲ್ಲಿ ಬೇಗ ಕರಗುವುದಿಲ್ಲ. ನೂರಾರು ಕಿಲೋಮೀಟರ್ ದಾಟಿ ಬರುತ್ತದೆ.

ಹಾಡಿನಿಂದ ತಿಳಿಯುವುದೇನು? ಮೊದಲನೆಯದಾಗಿ, ಊರು. ಒಂದೊಂದು ಸಮುದಾಯಕ್ಕೂ ಅದರದೇ ಹಾಡು. ದಶಕಗಳು ಕಳೆದರೂ ಧಾಟಿ ಬದಲಾಗುವುದಿಲ್ಲ. ಒಮಾನ್ ಕಡೆಯ ಅರಬ್ಬಿ ಸಮುದ್ರದಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಹಾಡೊಂದನ್ನು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಮರುವರ್ಷ ಹಿಂದೂ ಮಹಾಸಾಗರದ ನಡುವಿನ ಚಾಗೋಸ್ ದ್ವೀಪಗಳ ಕಡೆಯದೊಂದು ಹಾಡು ಸೇರಿಕೊಂಡಿತು. ಅದು ಸಿಕ್ಕಿದ್ದು, ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ನಡೆಸುತ್ತಾರೋ ಎಂದು ಕಿವಿಗೊಟ್ಟು ಕೂತ ಅಂತರರಾಷ್ಟ್ರೀಯ ಧ್ವನಿಗ್ರಾಹಕಗಳ ಕಡತದಲ್ಲಿ. ಬಾಂಬಿಗಾಗಿ ಕಾದವರ ಬಲೆಗೆ ತಿಮಿಂಗಿಲ ಬಿದ್ದಿತ್ತು. ನಮಗೆ ಇನ್ನೂ ಹತ್ತಿರದ ಸುದ್ದಿ ಲಕ್ಷದ್ವೀಪದ್ದು. ಸಂಶೋಧಕರಾದ ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟ್ಯಾಫರ್ಡ್ ಅಲ್ಲಿನ ಕವರತ್ತಿಯ ಬಳಿ ಇಳಿಸಿದ್ದ ಧ್ವನಿಗ್ರಾಹಕದಲ್ಲಿ ಶ್ರೀಲಂಕಾದ ಹಾಡೇ ಸಿಕ್ಕಿತು, ಅದೂ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ಹೊತ್ತಿಗೆ ಹೆಚ್ಚಾಗಿ. ಮಂಗಳೂರಿನಿಂದ ನೈಋತ್ಯಕ್ಕೆ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ನಮ್ಮ ಬೋಟುಗಳು ಬಂಗುಡೆಯ ಕೊನೆಯ ಪಾಲಿಗೆ ಬಲೆ ಬಿಡುವ ದಿನಗಳಲ್ಲಿ, ಆ ಶ್ರುತಿ ಎಳೆಯುತ್ತಿರುತ್ತದೆ.

ಆದರೆ ನನ್ನ ಕಸುಬಿಗೊಂದು ದೊಡ್ಡ ತೂತಿದೆ. ಈವರೆಗೆ ಹಾಡುತ್ತ ಸಿಕ್ಕಿಬಿದ್ದವೆಲ್ಲ ಗಂಡುಗಳೇ. ಹೆಣ್ಣುಗಳು ಮೇಯುವಾಗ ಗಂಡುಗಳಂತೆಯೇ ಚಿಕ್ಕ ಕೂಗು ಹಾಕುವುದುಂಟು, ಹಾಡುವುದು ಕಂಡಿಲ್ಲ. ಮೌನವಾಗಿ ಹಾದುಹೋದ ತಾಯಿ, ಮರಿ ನನ್ನ ಕಡತದಲ್ಲಿ ಇಲ್ಲವೇ ಇಲ್ಲ. ಹಾಡು ಎಣಿಸಿ ತಿಮಿಂಗಿಲ ಎಣಿಸಿದೆವು ಎನ್ನುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಒಂದು ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಬೇಟೆಗಾರರು ಕೊಂದು, ಹಡಗಿನ ಅಟ್ಟಕ್ಕೆಳೆದು, ಅಳೆದು ಬರೆದುಕೊಳ್ಳುತ್ತಿದ್ದರು. ನಾವು ಇಂದಿಗೂ ಬಳಸುವ ಉದ್ದ, ತೂಕ, ಬಸಿರಿನ ಅಂಕಿಗಳಲ್ಲಿ ಬಹುಪಾಲು ಹಾಗೆ ಬಂದವು. 1930–31ರ ಒಂದೇ ಹಂಗಾಮಿನಲ್ಲಿ ಅಂಟಾರ್ಕ್ಟಿಕ ಕಡಲಿನಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳನ್ನು ಕೊಂದರು. ಮುಂದೆ ಬೇಟೆಯ ದೇಶಗಳು ಪಾಲು ಹಂಚಿಕೊಳ್ಳಲು ಒಂದು ಅಳತೆ ಮಾಡಿಕೊಂಡವು: ಒಂದು ನೀಲಿ ತಿಮಿಂಗಿಲಕ್ಕೆ ಎರಡು ಫಿನ್ ತಿಮಿಂಗಿಲ, ಇಲ್ಲವೇ ಎರಡೂವರೆ ಹಂಪ್‌ಬ್ಯಾಕ್, ಇಲ್ಲವೇ ಆರು ಸೇಯ್. ಸೇರು, ಪಾವು, ಚಟಾಕಿನ ಹಾಗೆ. ಹೆಚ್ಚು ಎಣ್ಣೆ ಕೊಡುವ ಜೀವ ಮೊದಲು ಮುಗಿಯಲಿ ಎಂಬಂತಿದ್ದ ಅಳತೆ ಅದು. ಅವು ಎಲ್ಲೆಲ್ಲಿ ಓಡಾಡುತ್ತವೆ ಎಂದು ತಿಳಿಯಲು ವಿಜ್ಞಾನಿಗಳು ಸಂಖ್ಯೆ ಕೊರೆದ ಲೋಹದ ಕೊಳವೆಗಳನ್ನು ಮೈಗೆ ಹೊಡೆದು ಬಿಡುತ್ತಿದ್ದರು. ಕೊಳವೆ ಹಿಂದಿರುಗಿ ಸಿಗಬೇಕೆಂದರೆ ಆ ತಿಮಿಂಗಿಲವನ್ನು ಬೇರೊಬ್ಬ ಕೊಲ್ಲಬೇಕಿತ್ತು. 1966ರಲ್ಲಿ ರಕ್ಷಣೆ ಬಂತು. ಅದೇ ದಶಕದಲ್ಲಿ ಸೋವಿಯತ್ ಹಡಗುಗಳು ಗುಟ್ಟಾಗಿ ಅರಬ್ಬಿ ಸಮುದ್ರಕ್ಕೆ ಬಂದು 1,294 ನೀಲಿ ತಿಮಿಂಗಿಲಗಳನ್ನು ಕೊಂದದ್ದು ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆಯೇ. ನನ್ನ ಕಡತಗಳಲ್ಲಿ ಹಾಡು ತೆಳುವಾಗಿರುವ ತಿಂಗಳುಗಳನ್ನು ದಾಟುವಾಗ ಈ ಅಂಕಿ ನೆನಪಾಗುತ್ತದೆ.

ಈಗ ನಾವು ಅವು ಬಿಟ್ಟುಹೋದದ್ದನ್ನು ಹೆಕ್ಕುವವರು. 2003ರಲ್ಲಿ ಶ್ರೀಲಂಕಾದ ಕಡಲ ಜೀವವಿಜ್ಞಾನಿ ಆಶಾ ಡಿ ವೋಸ್ ಸಂಶೋಧನಾ ಹಡಗೊಂದರಿಂದ ಆರು ನೀಲಿ ತಿಮಿಂಗಿಲಗಳನ್ನು ಕಂಡರು. ಅವುಗಳ ನಡುವೆ ನೀರಿನ ಮೇಲೆ ಕೆಂಪು ರಾಡಿ ತೇಲುತ್ತಿತ್ತು. ಲದ್ದಿ. ದೊಡ್ಡ ತಿಮಿಂಗಿಲಗಳು ತಂಪು ಕಡಲಿನಲ್ಲಿ ಮೇಯುತ್ತವೆ, ಬೆಚ್ಚನೆಯ ನೀರಿಗೆ ಕೂಡಲು, ಈಯಲು ಬರುತ್ತವೆ ಎಂಬುದು ಆಗಿನ ಪಾಠ. ಲದ್ದಿ ಇದೆ ಎಂದರೆ ಊಟವೂ ಇಲ್ಲೇ ಆಗಿದೆ. ಇಷ್ಟು ಸರಳವಾದ ತರ್ಕಕ್ಕೆ ನಮ್ಮ ಕಡಲಿನ ತಿಮಿಂಗಿಲಗಳು ವರ್ಷವಿಡೀ ಇಲ್ಲೇ ಬಾಳುತ್ತವೆ ಎಂಬ ದೊಡ್ಡ ಸಂಗತಿ ಜೋತುಬಿದ್ದಿತ್ತು. ಆ ಮೇಲೆ ಲದ್ದಿಯ ಡಿಎನ್‌ಎ ನೋಡಿದಾಗ ಸಿಕ್ಕಿದ್ದು ಧ್ರುವದ ಕಡಲಿನ ಕ್ರಿಲ್ ಎಂಬ ಸಿಗಡಿಯಂಥ ಜೀವಿ ಅಲ್ಲ, ಸರ್ಜೆಸ್ಟಿಡ್ ಎಂಬ ಗುಂಪಿನ ಪುಟ್ಟ ಸಿಗಡಿ. ನಮ್ಮ ಕರಾವಳಿಯ ಸಂತೆಗಳಲ್ಲಿ ಒಣಗಿಸಿ ಸೇರಿನಲ್ಲಿ ಅಳೆದು ಮಾರುವ ಸಣ್ಣ ಸಿಗಡಿ ಅದರ ನೆಂಟ. ತಿಮಿ ಎಂಬ ದೊಡ್ಡ ಮೀನನ್ನು ನುಂಗುವುದರಿಂದ ತಿಮಿಂಗಿಲ ಎಂದು ಹೆಸರಿಟ್ಟ ನಮ್ಮ ಹಿರಿಯರಿಗೆ ಇದು ಗೊತ್ತಾಗಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಪೆಸಿಫಿಕ್‌ನ ನೀಲಿ ತಿಮಿಂಗಿಲ ಮೇಯುವ ದಿನಗಳಲ್ಲಿ ದಿನಕ್ಕೆ 16 ಟನ್ ಕ್ರಿಲ್ ಸೋಸಿ ತಿನ್ನುತ್ತದೆ. ಆದರೂ ಒಬ್ಬ ಮನುಷ್ಯನನ್ನು ನುಂಗುವಷ್ಟು ಅಗಲದ ಗಂಟಲು ಅದಕ್ಕಿಲ್ಲ.

ಲದ್ದಿಗಿಂತ ನನಗೆ ಇಷ್ಟವಾದದ್ದು ಕಿವಿಯ ಗುಗ್ಗೆ. ತಿಮಿಂಗಿಲದ ಕಿವಿಯ ನಾಳ ಹೊರಗಿನಿಂದ ಮುಚ್ಚಿರುತ್ತದೆ. ಗುಗ್ಗೆ ಹೊರಗೆ ಬರಲು ದಾರಿಯಿಲ್ಲ. ಹುಟ್ಟಿನಿಂದ ಸಾಯುವವರೆಗೆ ಪದರ ಪದರವಾಗಿ ಕೂಡುತ್ತ ಹೋಗುತ್ತದೆ. ಚೆನ್ನಾಗಿ ಮೇಯುವ ಕಾಲಕ್ಕೆ ತಿಳಿ ಬಣ್ಣದ ಪದರ, ಪಯಣದ ಕಾಲಕ್ಕೆ ಕಪ್ಪು. 2007ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಹಡಗು ಬಡಿದು ಸತ್ತ ಗಂಡೊಂದರ ಕಿವಿಯಿಂದ ಇಂಥದೊಂದು ಬತ್ತಿಯನ್ನು ತೆಗೆದರು. ಉದ್ದ ಸುಮಾರು 25 ಸೆಂಟಿಮೀಟರ್, ಗೇಣಿಗಿಂತ ತುಸು ಹೆಚ್ಚು. ಬೇಲರ್ ವಿಶ್ವವಿದ್ಯಾಲಯದ ಸ್ಟೀಫನ್ ಟ್ರಂಬಲ್ ಮತ್ತು ಸಾಶಾ ಯುಸೆಂಕೊ ಅದನ್ನು ಪದರ ಪದರವಾಗಿ ಬಿಡಿಸಿ ರಸಾಯನಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ವಯಸ್ಸು ಸುಮಾರು ಹನ್ನೆರಡು. ಹತ್ತನೆಯ ವರ್ಷದ ಹೊತ್ತಿಗೆ ಗಂಡು ಹಾರ್ಮೋನು ಒಮ್ಮೆಲೇ ಮೇಲೇರಿತ್ತು, ಪ್ರಾಯ ಬಂದ ಗುರುತು. ಒತ್ತಡದ ಹಾರ್ಮೋನು ಬಾಳಿನುದ್ದಕ್ಕೂ ಏರುತ್ತ ಬಂದಿತ್ತು. ಕೀಟನಾಶಕದ ವಿಷದಲ್ಲಿ ಗಣನೀಯ ಪಾಲು ಮೊದಲ ವರ್ಷದ ಪದರಗಳಲ್ಲೇ ಇತ್ತು. ತಾಯಿಯ ಮೈಯಿಂದ, ಹಾಲಿನಿಂದ ಬಂದದ್ದು. ಹೆಸರಿಲ್ಲದ ಒಂದು ಜೀವದ ಜಾತಕ ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ.

ಬದುಕಿರುವ ತಿಮಿಂಗಿಲದ ಮೇಲೆ ನಡೆದ ಕೆಲಸಗಳಲ್ಲಿ 2018ರ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯದನ್ನು ಬಿಡಲಾಗದು. ಉದ್ದನೆಯ ಕೋಲಿನಿಂದ ಊಟದ ಡಬ್ಬಿಯಷ್ಟು ದೊಡ್ಡ ಉಪಕರಣವನ್ನು ಈಜುರೆಕ್ಕೆಯ ಬಳಿ ಅಂಟಿಸಿದರು. ಹಿಡಿದಿಟ್ಟದ್ದು ನಾಲ್ಕು ರಬ್ಬರ್ ಬಟ್ಟಲುಗಳು. ಎಂಟೂವರೆ ತಾಸಿನ ಎದೆಬಡಿತದ ದಾಖಲೆ ಸಿಕ್ಕಿತು. ಮುಳುಗಿದಾಗ ಎದೆಬಡಿತ ನಿಮಿಷಕ್ಕೆ ಎರಡರವರೆಗೂ ಇಳಿದಿತ್ತು; ಉಸಿರಿಗೆ ಮೇಲೆ ಬಂದಾಗ 37ರವರೆಗೂ ಏರಿತ್ತು.

ಮಳೆಗಾಲದಲ್ಲಿ ನನ್ನ ಮೊಬೈಲಿಗೆ ಬೇರೆ ಬಗೆಯ ಕೆಲಸ ಬರುತ್ತದೆ. ಕುಮಟಾ, ಹೊನ್ನಾವರ ಕಡೆಯ ಪರಿಚಿತರು ದಡಕ್ಕೆ ಬಿದ್ದ ಊದಿದ ಹೆಣದ ಚಿತ್ರ ಕಳಿಸುತ್ತಾರೆ. “ಸರ್, ನೀಲಿ ತಿಮಿಂಗಿಲವೇ?” ಚರ್ಮ ಸುಲಿದ ಮೇಲೆ ಬಣ್ಣ ನಂಬುವಂತಿಲ್ಲ. ಮೂತಿಯ ಮೇಲ್ಭಾಗದ ಚಿತ್ರ ಕಳಿಸಿ ಎನ್ನುತ್ತೇನೆ. ನಡುವೆ ಒಂದೇ ಏಣು ಇದ್ದು, ಬಾಯಿಯ ಜರಡಿ ತಟ್ಟೆಗಳು ಪೂರಾ ಕಪ್ಪಾಗಿದ್ದರೆ ನೀಲಿ ತಿಮಿಂಗಿಲ ಇರಬಹುದು. ಮೂರು ಏಣು ಕಂಡರೆ ಬ್ರೈಡ್ಸ್ ತಿಮಿಂಗಿಲ, ಅದರ ಚಿಕ್ಕ ದಾಯಾದಿ. ಸಾಮಾನ್ಯವಾಗಿ ಬರುವ ಉತ್ತರ ಮೂರು. ಅಷ್ಟು ಹೊತ್ತಿಗೆ ಸುದ್ದಿ ಮಾತ್ರ ನೀಲಿ ಎಂದೇ ಹಬ್ಬಿರುತ್ತದೆ. ಎರಡನೆಯ ಪ್ರಶ್ನೆಯೂ ನಿಶ್ಚಿತ: “ಹೊಟ್ಟೆಯಲ್ಲಿ ಅಂಬರ್‌ಗ್ರೀಸ್ ಇರುತ್ತದಂತಲ್ಲ?” ಸುಗಂಧಕ್ಕೆ ಬಳಸುವ ಆ ಗಟ್ಟಿ ಹಲ್ಲಿರುವ ಸ್ಪರ್ಮ್ ತಿಮಿಂಗಿಲದ ಕರುಳಿನ ಸರಕು, ಸಿಕ್ಕಿದರೂ ಮಾರುವುದು ಅಪರಾಧ. ಹೊಟ್ಟೆಯ ಗೊಡವೆ ಬಿಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ, ಆ ತನಕ ನಾಯಿಗಳನ್ನು ದೂರ ಇಡಿ ಎಂದು ಹೇಳಿ ಮುಗಿಸುತ್ತೇನೆ.

ಮತ್ತೆ ಕೋಣೆಗೆ. ಶ್ರೀಲಂಕಾದ ದಕ್ಷಿಣ ತುದಿ ದೊಂದ್ರದ ಬಳಿ ಜಗತ್ತಿನ ಅತಿ ದಟ್ಟ ಹಡಗುದಾರಿಗಳಲ್ಲಿ ಒಂದು ಹಾದುಹೋಗುತ್ತದೆ, ತಿಮಿಂಗಿಲಗಳು ಮೇಯುವ ಜಾಗದ ಮೇಲೆಯೇ. ಮೆಡಿಟರೇನಿಯನ್ ಶಿಪ್ಪಿಂಗ್ ಕಂಪನಿ 2022ರಿಂದ ತನ್ನ ಹಡಗುಗಳನ್ನು ಇನ್ನಷ್ಟು ತೆಂಕಣಕ್ಕೆ ಸರಿಸಿ ಓಡಿಸುತ್ತಿದೆ. ಬಡಿತ ತಪ್ಪಿಸಲು ಅದು ಸರಿಯಾದ ಹೆಜ್ಜೆ. ಸದ್ದು ಮಾತ್ರ ಅಷ್ಟು ಸುಲಭಕ್ಕೆ ಸರಿಯುವುದಿಲ್ಲ. ದೊಡ್ಡ ಹಡಗಿನ ಎಂಜಿನ್ ಮತ್ತು ಪ್ರೊಪೆಲರಿನ ಮೊರೆತ ಕೂರುವುದು ತಿಮಿಂಗಿಲ ಹಾಡುವ ತಗ್ಗು ಸ್ವರಗಳ ಮೇಲೆಯೇ. ಈಗ ತೆರೆದಿರುವ ಏಪ್ರಿಲ್ ಕಡತದಲ್ಲಿ ಎರಡು ಹಾಡುಗಳು ಚೆನ್ನಾಗಿ ಮೂಡಿವೆ. ಮೂರನೆಯದರ ಮೊದಲ ತುಣುಕು ಕಾಣುತ್ತದೆ, ಆಮೇಲೆ ಚಿತ್ರದ ಕೆಳಭಾಗವೆಲ್ಲ ಹಳದಿಯಾಗಿ ಕದಡುತ್ತದೆ. ಷರಾ ಅಂಕಣದಲ್ಲಿ “ಹಡಗು, 41 ನಿಮಿಷ” ಎಂದು ಬರೆದು ಮುಂದಿನ ಗಂಟೆಯ ಕಡತ ತೆರೆಯುತ್ತೇನೆ.