ಕಾರ್ಡ್ ಕೆಟ್ಟರೂ ಫೋಟೊ ಕೆಟ್ಟಿರಬೇಕಿಲ್ಲ

‘ಈ ಕಾರ್ಡನ್ನು ಓದಲಾಗುತ್ತಿಲ್ಲ. ಫಾರ್ಮ್ಯಾಟ್ ಮಾಡಬೇಕೆ?’ ಕ್ಯಾಮೆರಾದ ಪರದೆಯ ಮೇಲೆ ಈ ಪ್ರಶ್ನೆ ಮೂಡಿದಾಗ ಎದೆ ಧಸಕ್ಕೆನ್ನದವರು ಕಡಿಮೆ. ಮತ್ತೆಂದೂ ತೆಗೆಯಲಾಗದ ಚಿತ್ರಗಳೇ ಇಂಥ ಹೊತ್ತಿನಲ್ಲಿ ಒಳಗಿರುತ್ತವೆ. ಗಾಬರಿಯಲ್ಲಿ ಕೆಲವರು ‘ಹೌದು’ ಒತ್ತಿಬಿಡುತ್ತಾರೆ. ಇನ್ನು ಕೆಲವರು ಕಾರ್ಡನ್ನು ತೆಗೆದು, ಮತ್ತೆ ಹಾಕಿ, ಸರಿಹೋಯಿತೇನೋ ಎಂದು ಒಂದೆರಡು ಫೋಟೊ ತೆಗೆದು ನೋಡುತ್ತಾರೆ. ಎರಡೂ ತಪ್ಪು. ಆದರೆ ನೋಡಲು ನಿರುಪದ್ರವಿಯಂತಿರುವ ಎರಡನೆಯದೇ ಸಾಮಾನ್ಯವಾಗಿ ಹೆಚ್ಚು ಹಾನಿ ಮಾಡುವಂಥದ್ದು. ಇದು ಹೇಗೆಂದು ತಿಳಿಯಲು ಕಾರ್ಡಿನ ಒಳಗೆ ಹೋಗಬೇಕು.

ಪ್ಲಾಸ್ಟಿಕ್ ಹೊದಿಕೆಯ ಒಳಗೆ ಇರುವುದು ಮುಖ್ಯವಾಗಿ ಎರಡು: ಫ್ಲ್ಯಾಶ್ ಮೆಮೊರಿ ಮತ್ತು ಅದನ್ನು ನಡೆಸುವ ಕಂಟ್ರೋಲರ್ ಎಂಬ ಪುಟ್ಟ ಸಂಸ್ಕಾರಕ. ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶವೂ ಒಂದು ಟ್ರಾನ್ಸಿಸ್ಟರ್. ವಿದ್ಯುತ್ತು ಹರಿಯಲು ಬಿಡದ ಪದರಗಳ ನಡುವೆ ಎಲೆಕ್ಟ್ರಾನ್‌ಗಳನ್ನು ಸೆರೆಯಿಟ್ಟುಕೊಳ್ಳುವ ಜಾಗ ಅದರಲ್ಲಿದೆ. ಈ ಬಗೆಯ ರಚನೆಯನ್ನು 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ವಿವರಿಸಿದರು. ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟರು. ಸೆರೆಯಾದ ಎಲೆಕ್ಟ್ರಾನ್‌ಗಳು ಬ್ಯಾಟರಿ ಇಲ್ಲದೆಯೂ ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಅವನ್ನು ಹೊರಹಾಕಬೇಕೆಂದರೆ ಹೆಚ್ಚಿನ ವೋಲ್ಟೇಜ್ ಬೇಕು. ಅದನ್ನೂ ಒಂದೊಂದೇ ಕೋಶಕ್ಕಲ್ಲ, ಲಕ್ಷಾಂತರ ಕೋಶಗಳ ಒಂದು ಇಡೀ ಬ್ಲಾಕಿಗೆ ಒಟ್ಟಿಗೇ ಕೊಡಬೇಕು. ಹೀಗೆ ಅಳಿಸಿದಷ್ಟೂ ಕೋಶಗಳು ಸವೆಯುತ್ತವೆ. ಫೋಟೊ ನಿಜವಾಗಿ ಅಳಿಯಬೇಕಾದರೆ ಇಷ್ಟೆಲ್ಲ ನಡೆಯಬೇಕು. ‘ಡಿಲೀಟ್’ ಗುಂಡಿ ಒತ್ತಿದ ಮಾತ್ರಕ್ಕೆ ಸಾಮಾನ್ಯವಾಗಿ ಇದಾವುದೂ ನಡೆಯುವುದಿಲ್ಲ.

ನಡೆಯುವುದು ಬೇರೆ. ಯಾವ ಫೋಟೊ ಎಲ್ಲಿದೆ ಎಂಬ ಲೆಕ್ಕವನ್ನು ಕ್ಯಾಮೆರಾ ಕಾರ್ಡಿನಲ್ಲೇ ಒಂದು ಪಟ್ಟಿಯಲ್ಲಿ ಇಟ್ಟಿರುತ್ತದೆ. ಈ ಪದ್ಧತಿಯ ಹೆಸರು ಫ್ಯಾಟ್. ಇದರ ಮೂಲರೂಪವನ್ನು ಮೈಕ್ರೊಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ 1977ರ ಹೊತ್ತಿಗೆ ಫ್ಲಾಪಿ ಡಿಸ್ಕಿಗೆಂದು ಬರೆದರು. ಇಂದಿನ 32 ಗಿಗಾಬೈಟ್‌ವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳಲ್ಲಿ ಅದರ ಫ್ಯಾಟ್32 ರೂಪವಿದೆ, ಅದಕ್ಕೂ ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್. ಕಾರ್ಡಿನ ಜಾಗವನ್ನು ಕ್ಲಸ್ಟರ್ ಎಂಬ ಸಮಾನ ತುಂಡುಗಳಾಗಿ ಹಂಚಿ, ಒಂದು ಫೋಟೊ ಯಾವ ಕ್ಲಸ್ಟರಿನಲ್ಲಿ ಶುರುವಾಗುತ್ತದೆ, ಅದರ ಮುಂದಿನದು ಯಾವುದು, ಅದರ ಮುಂದಿನದು ಯಾವುದು ಎಂದು ಪಟ್ಟಿ ಹೇಳುತ್ತ ಹೋಗುತ್ತದೆ. ಫ್ಯಾಟ್32ರಲ್ಲಿ ಫೋಟೊ ಅಳಿಸಿದಾಗ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ 229 ಎಂಬ ಸಂಖ್ಯೆ ಕೂರುತ್ತದೆ, ಕ್ಲಸ್ಟರುಗಳ ಕೊಂಡಿಗಳು ಸೊನ್ನೆಯಾಗುತ್ತವೆ. ಅಷ್ಟೇ. ಅಳಿಸಿದ ಫೋಟೊಗಳನ್ನು ಮರಳಿ ಪಡೆದಾಗ ಹೆಸರಿನ ಮೊದಲ ಅಕ್ಷರವೊಂದು ಕಾಣೆಯಾಗಿರುವುದು ಈ ಕಾರಣಕ್ಕೆ. ದಾರ ಎಳೆದುಕೊಂಡ ಮೇಲೂ ಮಣಿಗಳು ಇದ್ದಲ್ಲೇ ಸಾಲಾಗಿ ಬಿದ್ದಿರುವ ಸ್ಥಿತಿ ಇದು.

ಫಾರ್ಮ್ಯಾಟ್ ಮಾಡಿದಾಗಲೂ ಬಹುತೇಕ ಕ್ಯಾಮೆರಾಗಳು ಪಟ್ಟಿಯನ್ನಷ್ಟೇ ಖಾಲಿ ಮಾಡಿ ಹೊಸದಾಗಿ ಬರೆಯುತ್ತವೆ. ‘ಲೋ ಲೆವೆಲ್ ಫಾರ್ಮ್ಯಾಟ್’ ಎಂಬ ಆಯ್ಕೆ ಇರುವ ಕ್ಯಾಮೆರಾಗಳ ಮಾತು ಬೇರೆ, ಅದು ನಿಜಕ್ಕೂ ಅಳಿಸುತ್ತದೆ. ಕಂಪ್ಯೂಟರಿನಲ್ಲಿ ‘ಕ್ವಿಕ್’ ಗುರುತು ತೆಗೆದು ಮಾಡುವ ಪೂರ್ತಿ ಫಾರ್ಮ್ಯಾಟ್ ಕೂಡ ವಿಂಡೋಸ್ ವಿಸ್ತಾದಿಂದ ಈಚೆಗೆ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತದೆ. ಅದಾದ ಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಪ್ರಯೋಜನವಿಲ್ಲ.

ಇನ್ನು ಕಾರ್ಡ್ ಕರಪ್ಟ್ ಆಗುವುದು, ಅಂದರೆ ಓದಲಾಗದಂತೆ ಕೆಡುವುದು, ಹೇಗೆ? ಹೆಚ್ಚಿನ ಸಂದರ್ಭಗಳಲ್ಲಿ ಪೆಟ್ಟು ಬಿದ್ದಿರುವುದು ಈ ಪಟ್ಟಿಗೇ. ಒಂದು ಫೋಟೊ ಉಳಿಸುವಾಗ ಕ್ಯಾಮೆರಾ ಚಿತ್ರದ ಜೊತೆಗೆ ಪಟ್ಟಿಯನ್ನೂ ತಿದ್ದಬೇಕು. ಆ ಕ್ಷಣದಲ್ಲಿ ಬ್ಯಾಟರಿ ಸತ್ತರೆ, ಅಥವಾ ಕೆಂಪು ದೀಪ ಮಿನುಗುತ್ತಿರುವಾಗಲೇ ಯಾರಾದರೂ ಕಾರ್ಡನ್ನು ಎಳೆದರೆ, ತಿದ್ದುಪಡಿ ಅರ್ಧಕ್ಕೆ ನಿಲ್ಲುತ್ತದೆ. ಪಟ್ಟಿಯ ಜಾಗ ಚಿಕ್ಕದು, ಆದರೆ ಪ್ರತಿ ಫೋಟೊಗೂ ಅಲ್ಲಿ ಬರೆಯಬೇಕಾದ್ದರಿಂದ ಏಟು ಅಲ್ಲಿಗೇ ಹೆಚ್ಚು. ಫೋಟೊಗಳು ಮಾತ್ರ ಪಕ್ಕದಲ್ಲೇ ಒಂದು ಬಿಟ್ ಕೂಡ ಅಲುಗದೆ ಕೂತಿರಬಹುದು.

ಪಟ್ಟಿಯೇ ಇಲ್ಲದಿದ್ದರೆ ಫೋಟೊಗಳನ್ನು ಹುಡುಕುವುದು ಹೇಗೆ? ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದರ ಉತ್ತರ: ಫೋಟೊ ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ. ಕ್ಯಾಮೆರಾಗಳು ಸಾಮಾನ್ಯವಾಗಿ ಫೋಟೊ ಉಳಿಸುವ ಜೆಪೆಗ್ ಎಂಬ ರೂಪದ ಪ್ರತಿ ಫೈಲ್ 255, 216 ಎಂಬ ಎರಡು ಬೈಟುಗಳಿಂದ ಶುರುವಾಗಿ 255, 217ರಿಂದ ಮುಗಿಯುತ್ತದೆ. ಚಿತ್ರದ ಮಾಹಿತಿಯ ನಡುವೆಯೇ ಆಕಸ್ಮಿಕವಾಗಿ 255 ಬಂದರೆ? ಜೆಪೆಗ್ ರೂಪಿಸಿದವರು ಇದನ್ನೂ ಯೋಚಿಸಿದ್ದರು. ಹಾಗೆ ಬಂದ ಪ್ರತಿ 255 ಆದ ಕೂಡಲೇ ಒಂದು ಸೊನ್ನೆಯನ್ನು ಸೇರಿಸಬೇಕೆಂಬುದು ನಿಯಮ. ಹಾಗಾಗಿ ಚಿತ್ರದ ಹೊಟ್ಟೆಯೊಳಗೆ ಸುಳ್ಳು ಆರಂಭವಾಗಲಿ ಸುಳ್ಳು ಅಂತ್ಯವಾಗಲಿ ಕಾಣಿಸಿಕೊಳ್ಳುವುದಿಲ್ಲ. ಆದರೂ ಒಂದು ತೊಡಕಿದೆ. ಫೈಲಿನ ಮುಂಭಾಗದಲ್ಲಿ ತೆಗೆದ ದಿನಾಂಕ, ಸಮಯದಂಥ ವಿವರಗಳಿರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ ಬೆರಳುಗುರಿನಷ್ಟು ಚಿಕ್ಕ ಇನ್ನೊಂದು ಚಿತ್ರ, ಅಂದರೆ ಥಂಬ್‌ನೇಲ್, ಅಡಗಿರುತ್ತದೆ. ಅದಕ್ಕೂ ತನ್ನದೇ ಆರಂಭ, ತನ್ನದೇ ಅಂತ್ಯ. ಒಳ್ಳೆಯ ಸಾಫ್ಟ್‌ವೇರ್ ಇವೆರಡನ್ನೂ ಬೇರೆಬೇರೆ ಎಂದು ಗುರುತಿಸುತ್ತದೆ, ಅವಸರದ್ದು ಥಂಬ್‌ನೇಲಿನ ಕೊನೆಯಲ್ಲೇ ಕತ್ತರಿಸಿ ಕೈತೊಳೆದುಕೊಳ್ಳುತ್ತದೆ.

ಹೀಗೆ ಪಟ್ಟಿಯನ್ನು ನಂಬದೆ ಕಾರ್ಡನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದಿ ಫೋಟೊಗಳನ್ನು ಕಡೆದು ತೆಗೆಯುವ ವಿಧಾನಕ್ಕೆ ಫೈಲ್ ಕಾರ್ವಿಂಗ್ ಎನ್ನುತ್ತಾರೆ. ಕ್ರಿಸ್ತೋಫ್ ಗ್ರೆನಿಯೆ ಬರೆದ ಫೋಟೊರೆಕ್ ಇದಕ್ಕೆಂದೇ ಇರುವ, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಮಾರಾಟಕ್ಕಿರುವ ಎಷ್ಟೋ ಸಾಫ್ಟ್‌ವೇರ್‌ಗಳು ಬಣ್ಣಬಣ್ಣದ ಗುಂಡಿಗಳ ಹಿಂದೆ ಮಾಡುವುದೂ ಮೂಲತಃ ಇದನ್ನೇ. ಕ್ಯಾಮೆರಾದ ಸ್ವಭಾವವೂ ಇದಕ್ಕೆ ಒದಗಿಬರುತ್ತದೆ. ಖಾಲಿ ಕಾರ್ಡಿನಲ್ಲಿ ಅದು ಒಂದಾದ ಮೇಲೊಂದು ಕ್ಲಸ್ಟರನ್ನು ತುಂಬುತ್ತ ಸಾಗುತ್ತದೆ, ಆದ್ದರಿಂದ ಒಂದು ಫೋಟೊದ ತುಂಡುಗಳು ಸಾಮಾನ್ಯವಾಗಿ ಒತ್ತೊತ್ತಾಗಿರುತ್ತವೆ. ನಡುನಡುವೆ ಬೇಡದ ಫೋಟೊ ಅಳಿಸಿ ಜಾಗ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಈ ಅನುಕೂಲ ತಪ್ಪುತ್ತದೆ. ಹೊಸ ಫೋಟೊ ಆ ಸಂದುಗಳಲ್ಲಿ ಚೂರುಚೂರಾಗಿ ಕೂರುತ್ತದೆ, ಕಡೆದು ತೆಗೆದಾಗ ಒಂದರ ತಲೆಗೆ ಇನ್ನೊಂದರ ಕಾಲು ಅಂಟುತ್ತದೆ.

ಮರಳಿ ಸಿಕ್ಕ ಕೆಲವು ಫೋಟೊಗಳಲ್ಲಿ ಮೇಲಿನ ಅರ್ಧ ಸರಿಯಾಗಿದ್ದು ಕೆಳಗಿನದು ಗುಲಾಬಿಗೋ ಹಸಿರಿಗೋ ತಿರುಗಿ, ಪಕ್ಕಕ್ಕೆ ಸರಿದಿರುವುದನ್ನು ನೀವು ಕಂಡಿರಬಹುದು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಜಾಗ ಉಳಿಸಲು ಪ್ರತಿ ಚೌಕದ ಸರಾಸರಿ ಹೊಳಪು ಮತ್ತು ಬಣ್ಣವನ್ನು ನೇರವಾಗಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆಯುತ್ತದೆ. ಅದಕ್ಕೆ ಬಳಸುವ ಸಂಕೇತಗಳ ಉದ್ದವೂ ಒಂದೇ ಸಮವಲ್ಲ. ನಡುವೆ ಒಂದು ಬಿಟ್ ತಪ್ಪಿದರೆ ಎಲ್ಲಿ ಒಂದು ಸಂಕೇತ ಮುಗಿದು ಇನ್ನೊಂದು ಶುರುವಾಯಿತು ಎಂಬುದೇ ತಪ್ಪಿಹೋಗಬಹುದು, ಆ ತಪ್ಪು ವ್ಯತ್ಯಾಸ ಮುಂದಿನ ಚೌಕಗಳಿಗೆಲ್ಲ ದಾಟುತ್ತದೆ. ಕೆಳಭಾಗ ಬರೀ ಬೂದು ಬಣ್ಣವಾಗಿದ್ದರೆ ಅಲ್ಲಿಂದಾಚೆ ಮಾಹಿತಿಯೇ ಸಿಕ್ಕಿಲ್ಲ ಎಂದರ್ಥ. ಬಣ್ಣ ತಿರುಗಿದ ಫೋಟೊವನ್ನು ಮಾತ್ರ ಬಿಸಾಡಬೇಡಿ. ಮಾಹಿತಿ ಇನ್ನೂ ಒಳಗಿದೆ, ತಪ್ಪಿದ ಜಾಗವನ್ನು ಪತ್ತೆಹಚ್ಚಿ ಸರಿಪಡಿಸುವ ಸಾಧನಗಳಿವೆ. ಏನೂ ಆಗದಿದ್ದರೂ ಆ ಥಂಬ್‌ನೇಲ್ ಉಳಿದಿರಬಹುದು. ಕೆಲವು ಕ್ಯಾಮೆರಾಗಳು ಅದಕ್ಕಿಂತ ದೊಡ್ಡದಾದ ಒಂದು ಪ್ರಿವ್ಯೂ ಚಿತ್ರವನ್ನೂ ಒಳಗಿಟ್ಟಿರುತ್ತವೆ.

ಈಗ ಮೊದಲಿನ ಎರಡು ತಪ್ಪುಗಳಿಗೆ ಬರೋಣ. ಪಟ್ಟಿ ಖಾಲಿಯಾದರೂ ಫೋಟೊ ಉಳಿಯುತ್ತದೆ. ಆದರೆ ಪಟ್ಟಿ ಖಾಲಿ ಎಂದು ನಂಬಿದ ಕ್ಯಾಮೆರಾ ಹೊಸ ಫೋಟೊವನ್ನು ಹಳೆಯದರ ಮೇಲೆಯೇ ಬರೆಯಬಹುದು, ಹಾಗೆ ಮುಚ್ಚಿಹೋದದ್ದನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಹಾಗಾಗಿ ತೊಂದರೆ ಕಂಡ ಕೂಡಲೇ ಕ್ಯಾಮೆರಾ ಆಫ್ ಮಾಡಿ ಕಾರ್ಡನ್ನು ಹೊರತೆಗೆಯಬೇಕು. ಮೈಕ್ರೊ ಅಲ್ಲದ, ದೊಡ್ಡ ಆಕಾರದ ಎಸ್‌ಡಿ ಕಾರ್ಡಾದರೆ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಅದು ಬರೀ ಪ್ಲಾಸ್ಟಿಕ್ ತುಂಡು, ಪಾಲಿಸುವುದು ಬಿಡುವುದು ಕಾರ್ಡ್ ರೀಡರಿಗೆ ಬಿಟ್ಟದ್ದು. ಆದರೂ ಸರಿಸಿ, ಏಕೆಂದರೆ ವಿಂಡೋಸ್ ಮತ್ತು ಮ್ಯಾಕ್ ಎರಡೂ ಕಾರ್ಡ್ ಸಿಕ್ಕಿಸಿದ ಕೂಡಲೇ ಕೇಳದೆಯೇ ತಮ್ಮ ಅಡಗಿದ ಫೋಲ್ಡರುಗಳನ್ನು ಅದರಲ್ಲಿ ಬರೆಯುವುದುಂಟು. ಮೊದಲು ಬೇರೊಂದು ರೀಡರಿನಲ್ಲಿ ಹಾಕಿ ನೋಡಿ, ಎಷ್ಟೋ ಸಲ ಕೆಟ್ಟಿರುವುದು ರೀಡರೇ. ‘ದುರಸ್ತಿ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿದರೆ ಬೇಡವೆನ್ನಿ. ಚೆಕ್‌ಡಿಸ್ಕ್‌ನಂಥ ದುರಸ್ತಿ ಸಾಧನಗಳಿಗೆ ಪಟ್ಟಿಯ ಲೆಕ್ಕ ಸರಿಹೋಗುವುದು ಮುಖ್ಯ. ಲೆಕ್ಕಕ್ಕೆ ಸಿಗದ ಫೋಟೊಗಳ ಕೊಂಡಿಗಳನ್ನು ಕತ್ತರಿಸಲು ಅವು ಹಿಂಜರಿಯುವುದಿಲ್ಲ.

ಆಮೇಲೆ ಇಡೀ ಕಾರ್ಡಿನ ಬೈಟಿಗೆ ಬೈಟ್ ನಕಲನ್ನು ಕಂಪ್ಯೂಟರಿನಲ್ಲಿ ಇಮೇಜ್ ಫೈಲಾಗಿ ತೆಗೆದುಕೊಳ್ಳಬೇಕು. ಹೆಚ್ಚಿನವರು ಬಿಟ್ಟುಬಿಡುವ ಈ ಹೆಜ್ಜೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಸಾಯುತ್ತಿರುವ ಕಾರ್ಡ್ ಎಷ್ಟು ಸಲ ಓದಲು ಬಿಡುತ್ತದೋ ಹೇಳಲಾಗದು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮೊದಲು ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಎತ್ತಿಕೊಂಡು, ಹಟಮಾರಿ ಭಾಗಗಳಿಗೆ ಆಮೇಲೆ ಮರಳುತ್ತದೆ. ನಕಲು ಕೈಗೆ ಬಂದ ಮೇಲೆ ಹುಡುಕಾಟವೆಲ್ಲ ಅದರ ಮೇಲೆಯೇ ನಡೆಯಲಿ. ಸಿಕ್ಕ ಫೋಟೊಗಳನ್ನು ಅದೇ ಕಾರ್ಡಿನಲ್ಲಿ ಉಳಿಸಲೇಬಾರದು.

ಕಾರ್ಡ್ ಹಾಕಿದರೂ ಕಂಪ್ಯೂಟರಿಗೆ ಗೊತ್ತೇ ಆಗದಿದ್ದರೆ, ಅಥವಾ ಅದರ ಗಾತ್ರ ಸೊನ್ನೆ ಎಂದು ತೋರಿಸಿದರೆ, ಬಹುಶಃ ಕಂಟ್ರೋಲರೇ ಸತ್ತಿದೆ. ಅಲ್ಲಿಗೆ ಮನೆಯ ಪ್ರಯತ್ನ ನಿಲ್ಲಬೇಕು. ಪ್ರಯೋಗಾಲಯದಲ್ಲಿ ಪರಿಣತರು ಫ್ಲ್ಯಾಶ್ ಚಿಪ್ಪಿನಿಂದ ನೇರವಾಗಿ ಓದುತ್ತಾರೆ. ಆದರೆ ಕಂಟ್ರೋಲರ್ ಮಾಹಿತಿಯನ್ನು ಬರೆಯುವಾಗಲೇ ಕಲಸಿ, ಕೋಶಗಳು ಸಮನಾಗಿ ಸವೆಯಲೆಂದು ಎಲ್ಲೆಲ್ಲೋ ಹಂಚಿಟ್ಟಿರುತ್ತದೆ. ಅದರ ಲೆಕ್ಕಾಚಾರವನ್ನು ಬಿಡಿಸದೆ ಒಂದು ಫೋಟೊವೂ ರೂಪ ತಾಳದು.

ಮೊಬೈಲಿನ ಒಳಮೆಮೊರಿಗೆ ಈ ಲೇಖನದ ಭರವಸೆ ಅನ್ವಯಿಸದು. ಇಂದಿನ ಫೋನುಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುತ್ತವೆ, ಫೈಲ್ ಅಳಿಸಿದ ಮೇಲೆ ಆ ಜಾಗ ಬೇಡವೆಂದು ಚಿಪ್ಪಿಗೂ ತಿಳಿಸುತ್ತವೆ. ಕ್ಯಾಮೆರಾದ ಕಾರ್ಡಿನಲ್ಲಿ ಸಾಮಾನ್ಯವಾಗಿ ಗೂಢಲಿಪಿ ಇರುವುದಿಲ್ಲ. ವಿಡಿಯೊಗಳ ಕಥೆ ಇನ್ನೂ ಬೇರೆ. ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಅನೇಕ ಕ್ಯಾಮೆರಾಗಳು ಚಿತ್ರೀಕರಣ ಮುಗಿದ ಮೇಲೆ ಕೊನೆಯಲ್ಲಿ ಬರೆಯುತ್ತವೆ. ನಡುವೆ ವಿದ್ಯುತ್ ಹೋದರೆ ಗಿಗಾಬೈಟುಗಟ್ಟಲೆ ದೃಶ್ಯಗಳಿದ್ದರೂ ಫೈಲ್ ತೆರೆದುಕೊಳ್ಳುವುದಿಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೊವನ್ನು ಮಾದರಿಯಾಗಿಟ್ಟು ಆ ಸೂಚಿಯನ್ನು ಮತ್ತೆ ಕಟ್ಟಬಹುದು.

ಫೋಟೊರೆಕ್ ಕೊಡುವ ಫೈಲುಗಳಿಗೆ ಹಳೆಯ ಹೆಸರು ಇರುವುದಿಲ್ಲ. ‘ಎಫ್’ ಅಕ್ಷರದ ಮುಂದೆ ಒಂದು ಉದ್ದದ ಸಂಖ್ಯೆಯಿರುತ್ತದೆ, ಅದು ಆ ಫೋಟೊ ಕಾರ್ಡಿನ ಯಾವ ಜಾಗದಲ್ಲಿ ಸಿಕ್ಕಿತು ಎಂಬುದರ ಗುರುತು. ತೆಗೆದ ದಿನಾಂಕ ಮತ್ತು ಸಮಯ ಎಕ್ಸಿಫ್‌ನಲ್ಲಿ ಹಾಗೇ ಉಳಿದಿರುವುದರಿಂದ ಅದರ ಪ್ರಕಾರ ಹೆಸರಿಟ್ಟು ಜೋಡಿಸಿಕೊಳ್ಳಬಹುದು. ಎಲ್ಲ ಫೋಟೊಗಳೂ ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡಿ, ಎರಡು ಕಡೆ ಪ್ರತಿ ಇಟ್ಟ ಮೇಲಷ್ಟೇ ಕಾರ್ಡಿನ ಭವಿಷ್ಯ ಯೋಚಿಸಿ. ಅದನ್ನು ಫಾರ್ಮ್ಯಾಟ್ ಮಾಡಿ, ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಾಧನದಿಂದ ಪೂರ್ತಿ ತುಂಬಿ ಓದಿಸಿ. ಸುಳ್ಳು ಗಾತ್ರ ಹೇಳುವ ನಕಲಿ ಕಾರ್ಡಾಗಿದ್ದರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಒಂದು ದೋಷ ಕಂಡರೂ ಆ ಕಾರ್ಡ್ ಮತ್ತೆ ಕ್ಯಾಮೆರಾದೊಳಗೆ ಹೋಗಬಾರದು.