ಬಾನ್ಸುರಿ ಕಲಿತ ಹುಡುಗನಿಗೆ ಸಿನಿಮಾ ಹಾಡಿನಲ್ಲಿ ಜಾಗ ಇದೆಯೇ? ಎಷ್ಟು ವಾದ್ಯ ಕಲಿಯಬೇಕು?

ಪ್ರಶ್ನೆ: ನಾವು ಶಿರಸಿಯವರು. ಮಗ ಒಂಬತ್ತು ವರ್ಷದಿಂದ ಹಿಂದೂಸ್ತಾನಿ ಬಾನ್ಸುರಿ ಕಲಿಯುತ್ತಿದ್ದಾನೆ, ಮಧ್ಯಮಾ ಪೂರ್ಣ ಪರೀಕ್ಷೆ ಆಗಿದೆ. ಹಾರ್ಮೋನಿಯಂ, ತಬಲಾ ಕೂಡ ತಕ್ಕಮಟ್ಟಿಗೆ ಬರುತ್ತದೆ. ಪಿಯುಸಿ ಮುಗಿದ ಮೇಲೆ ಸಿನಿಮಾ ಹಾಡು, ಆಲ್ಬಂ, ಬ್ಯಾಂಡ್‌ಗಳಿಗೆ ನುಡಿಸುತ್ತೇನೆ ಅನ್ನುತ್ತಾನೆ. ಇದು ಹೊಟ್ಟೆ ತುಂಬಿಸುವ ದಾರಿಯೇ? ಇನ್ನೂ ಎಷ್ಟು ವಾದ್ಯ ಕಲಿಯಬೇಕಾಗುತ್ತದೆ?

ಉತ್ತರ: ದಾರಿ ಇದೆ. ಆದರೆ ಅವನು ಈಗ ಕಲಿಯಬೇಕಾದದ್ದು ನಾಲ್ಕನೆಯ ವಾದ್ಯವನ್ನಲ್ಲ. ತಂಬೂರಿಯ ಎದುರು ಕೂತು ಪಳಗಿದ ಕಿವಿಯನ್ನು ಕೀಬೋರ್ಡಿಗೂ ಕ್ಲಿಕ್ಕಿಗೂ (ರೆಕಾರ್ಡಿಂಗ್ ವೇಳೆ ಹೆಡ್‌ಫೋನಿನಲ್ಲಿ ಲಯ ತೋರುವ ಟಿಕ್ ಟಿಕ್ ಸದ್ದು) ಹೊಂದಿಸುವುದನ್ನು ಮೊದಲು ಕಲಿಯಲಿ. ಶಾಸ್ತ್ರೀಯ ಕಲಿತು ಸ್ಟುಡಿಯೋಗೆ ಹೋದ ಮಕ್ಕಳು ಎಡವುವುದು ಇಲ್ಲಿ. ಕೈ ತಯಾರಿ ಸಾಲದೆ ವಾಪಸು ಬಂದವರು ಕಡಿಮೆ.

ಈ ದಾರಿಯಲ್ಲಿ ದೊಡ್ಡವರೇ ನಡೆದಿದ್ದಾರೆ ಎಂಬುದು ಮನೆಯವರಿಗೆ ಗೊತ್ತಿರಲಿ. ಸಂತೂರಿನ ಶಿವಕುಮಾರ್ ಶರ್ಮಾ ಮೊದಲು ಕಲಿತದ್ದು ಗಾಯನ ಮತ್ತು ತಬಲಾ. 1965ರ ‘ಗೈಡ್’ ಚಿತ್ರದ ಹಾಡೊಂದಕ್ಕೆ ಅವರು ನುಡಿಸಿದ್ದು ತಬಲಾವನ್ನೇ. ಹರಿಪ್ರಸಾದ್ ಚೌರಾಸಿಯಾ 1957ರಲ್ಲಿ ಕಟಕ್ ಆಕಾಶವಾಣಿಯ ನೌಕರಿ ಸೇರಿ, ಆಮೇಲೆ ಮುಂಬೈಗೆ ಬಂದು ವರ್ಷಗಟ್ಟಲೆ ಸಿನಿಮಾ ರೆಕಾರ್ಡಿಂಗಿಗೆ ಕೊಳಲು ನುಡಿಸಿದರು. ಮುಂದೆ ಇಬ್ಬರೂ ಶಿವ-ಹರಿ ಆಗಿ 1981ರ ‘ಸಿಲ್ಸಿಲಾ’ದಿಂದ ಚಿತ್ರಗಳಿಗೆ ಸಂಗೀತ ಕೊಟ್ಟರು. ನಮ್ಮ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ನೀಡಿದ ಸರೋದ್ ವಾದಕ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. ಇವರಲ್ಲಿ ಯಾರೂ ತಮ್ಮ ಮುಖ್ಯ ವಾದ್ಯದ ರಿಯಾಜ್ ಬಿಡಲಿಲ್ಲ. ಅವರನ್ನು ಸಿನಿಮಾದವರು ಕರೆದದ್ದೇ ಆ ರಿಯಾಜಿನ ಸ್ವರಕ್ಕಾಗಿ.

ಈಗ ಕಿವಿಯ ವಿಷಯ. ತಂಬೂರಿಯ ಜೊತೆ ನುಡಿಸುವಾಗ ಶುದ್ಧ ಗಾಂಧಾರ ಸಹಜವಾಗಿ ನಿಲ್ಲುವ ಜಾಗ ಸಾದಿಂದ 386 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದ ನೂರನೆಯ ಒಂದು ಪಾಲು ಒಂದು ಸೆಂಟ್). ಕೀಬೋರ್ಡಿನ ಗಾಂಧಾರ ಇರುವುದು 400ರಲ್ಲಿ. ಶುದ್ಧ ಧೈವತ 884, ಕೀಬೋರ್ಡಿನದು 900. ಕೋಮಲ ಗಾಂಧಾರ ತಿರುಗುಮುರುಗು: ತಂಬೂರಿಗೆ 316, ಕೀಬೋರ್ಡಿಗೆ 300. ಪಂಚಮದಲ್ಲಿ ಮಾತ್ರ ವ್ಯತ್ಯಾಸ ಬರೀ 2 ಸೆಂಟ್, ಅದು ಯಾರ ಕಿವಿಗೂ ಬೀಳುವುದಿಲ್ಲ. ಹದಿನಾಲ್ಕು ಸೆಂಟ್ ಸಣ್ಣದು ಅನಿಸಬಹುದು. ಹಾರ್ಮೋನಿಯಂನ ಬಿಳಿ 3ನ್ನು (ಸಪ್ತಕದ ಮೂರನೆಯ ಬಿಳಿ ಕೀ) ಸಾ ಮಾಡಿಕೊಂಡು, ಮಧ್ಯ ಸಪ್ತಕದ ಗಾಂಧಾರದ ಕೀಯನ್ನು ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಅದರ ಮೇಲೆ ಮಗ ತನ್ನ ರೂಢಿಯ ಗಾಂಧಾರವನ್ನು ಉದ್ದಕ್ಕೆ ಊದಲಿ. ಒಂದು 415.3 ಹರ್ಟ್ಸ್, ಇನ್ನೊಂದು 412. ಎರಡರ ನಡುವೆ ಸೆಕೆಂಡಿಗೆ ಮೂರಕ್ಕೂ ತುಸು ಹೆಚ್ಚು ಸಲ ‘ವಂವ್ ವಂವ್’ ಎಂದು ಅಲೆ ಏಳುತ್ತದೆ. ಆ ಅಲೆ ಕೇಳಿಸಿದರೆ ಅರ್ಧ ಪಾಠ ಆದಂತೆ. ಬಾನ್ಸುರಿಯನ್ನು ತುಟಿಯಿಂದ ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿದರೆ ಸ್ವರ ಏರುತ್ತದೆ, ಒಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಅಲೆ ನಿಲ್ಲುವ ತನಕ ತಿರುಗಿಸಿ, ಆ ಜಾಗವನ್ನು ತುಟಿಗೆ ಕಲಿಸಬೇಕು. ದಿನಕ್ಕೆ ಹದಿನೈದು ನಿಮಿಷ, ಗಾಂಧಾರ, ಧೈವತ, ನಿಷಾದ ಮೂರೇ ಸ್ವರ ಸಾಕು. ಉಳಿದ ರಿಯಾಜ್ ಎಂದಿನಂತೆ ತಂಬೂರಿಯ ಜೊತೆಗೇ ಇರಲಿ. ಎರಡು ಗಾಂಧಾರವೂ ಬೇಕು, ಯಾವುದು ಎಲ್ಲಿ ಎಂಬುದೂ ತಿಳಿದಿರಬೇಕು. ಮನೆಯ ಹಾರ್ಮೋನಿಯಂ ಅನ್ನು ಗಾಯನಕ್ಕೆಂದು ಶುದ್ಧ ಶ್ರುತಿಗೆ ಕೂರಿಸಿದ್ದರೆ ಈ ಅಭ್ಯಾಸಕ್ಕೆ ಆಗುವುದಿಲ್ಲ, ಕೀಬೋರ್ಡೇ ಬೇಕು.

ಅದಕ್ಕಿಂತ ಆಳದ ತೊಡಕು ಸಾ. ರಾಗ ಕಲಿತವನಿಗೆ ಸಾ ಎಂದರೆ ಮನೆ, ಎಲ್ಲಿ ಅಲೆದರೂ ಅಲ್ಲಿಗೆ ಬಂದು ನಿಲ್ಲುತ್ತಾನೆ. ಆದರೆ ಸಿನಿಮಾ ಹಾಡಿನಲ್ಲಿ ಅಡಿಯಲ್ಲಿರುವ ಕಾರ್ಡ್ (ಒಟ್ಟಿಗೆ ಹಿಡಿದ ಮೂರು-ನಾಲ್ಕು ಸ್ವರಗಳ ಗುಚ್ಛ) ಬದಲಾಗುತ್ತಲೇ ಇರುತ್ತದೆ. ಕೀಬೋರ್ಡಿನವರು ಸಾ-ಗ-ಪ ಹಿಡಿದಿದ್ದಾಗ ಸಾದಲ್ಲಿ ನಿಂತರೆ ನೆಮ್ಮದಿ. ಅವರು ಪ-ನಿ-ರೆ ಹಿಡಿದಾಗಲೂ ನೀವು ಸಾದಲ್ಲೇ ನಿಂತರೆ ಅದು ನಿಷಾದಕ್ಕೆ ಇಳಿಯಬೇಕು ಎಂದು ಎಳೆಯುತ್ತದೆ, ಹಾಡು ಅರ್ಧಕ್ಕೆ ಮಾತು ನಿಲ್ಲಿಸಿದ ಹಾಗೆ ಕೇಳುತ್ತದೆ. ಮ-ಧ-ಸಾ ಹಿಡಿದಾಗ ನಿಷಾದದ ನ್ಯಾಸವೂ (ಅಲ್ಲಿ ಬಂದು ನಿಲ್ಲುವುದೂ) ಹಾಗೆಯೇ ತೂಗಾಡುತ್ತದೆ. ಅಭ್ಯಾಸಕ್ಕೆ ಈ ಮೂರು ಕಾರ್ಡನ್ನು ಒಂದೊಂದಕ್ಕೆ ಎಂಟು ಮಾತ್ರೆಯಂತೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಹತ್ತು ನಿಮಿಷ ಸುತ್ತು ಹಾಕಲು ಬಿಡಿ. ಮೊದಲ ವಾರ ಆಯಾ ಕಾರ್ಡಿನೊಳಗಿನ ಮೂರು ಸ್ವರಗಳನ್ನಷ್ಟೇ ಊದಲಿ. ಎರಡನೆಯ ವಾರ ಯಮನ್ ಅಥವಾ ಬಿಲಾವಲ್‌ನ ತನಗೆ ಬರುವ ಆಲಾಪವನ್ನು ಅದರ ಮೇಲೆ ಊದಿ, ಪ್ರತಿ ಎಂಟನೆಯ ಮಾತ್ರೆಯ ನ್ಯಾಸ ಮಾತ್ರ ಕಾರ್ಡಿಗೆ ತಕ್ಕಂತೆ ಬದಲಿಸಲಿ. ಯಮನ್ ಊದುವಾಗ ಮ-ಧ-ಸಾ ಬಂದರೆ ತೀವ್ರ ಮಧ್ಯಮ ಅಡಿಯ ಶುದ್ಧ ಮಧ್ಯಮಕ್ಕೆ ಬಡಿಯುತ್ತದೆ, ಅಲ್ಲಿ ಅದನ್ನು ಹಾರಿ ಹೋಗಬೇಕು.

ಲಯಕ್ಕೆ ಬಂದರೆ, ರಾಗವನ್ನು ಹಂತ ಹಂತವಾಗಿ ಬೆಳೆಸುವ ಖ್ಯಾಲಿನ ಬಢತ್‌ನಲ್ಲಿ ಲಯ ನಿಧಾನಕ್ಕೆ ಏರುವುದು ಚಂದ. ಕ್ಲಿಕ್ ಏರುವುದಿಲ್ಲ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟು) ನಾಲ್ಕು ಬೀಟಿನ ಎಂಟು ಬಾರ್ ಎಂದರೆ 21 ಸೆಕೆಂಡು ಚಿಲ್ಲರೆ. ಸಾಮಾನ್ಯವಾಗಿ ಚರಣಗಳ ನಡುವೆ ಬರುವ ಒಂದು ಇಂಟರ್‌ಲ್ಯೂಡ್‌ಗೆ ಕೊಳಲಿಗೆ ಸಿಗುವುದು ಅಷ್ಟೇ ಜಾಗ. ಅಷ್ಟರಲ್ಲಿ ರಾಗದ ಗುರುತಾದ ಪಕಡ್ ಹೇಳಿ, ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡ್ ಎಳೆದು, ಹಾಡುವವರಿಗೆ ಸ್ವರ ಬಿಟ್ಟುಕೊಡಬೇಕು. ಮೊದಲಿಗರು ಲೆಕ್ಕ ತಪ್ಪುವ ಜಾಗ ಕೆಹರವಾ: ಎಂಟು ಮಾತ್ರೆಗೆ ನಾಲ್ಕೇ ಕ್ಲಿಕ್ ಕೇಳುತ್ತದೆ, ಅಂದರೆ 90ರ ಕ್ಲಿಕ್ಕಿಗೆ ಮಾತ್ರೆಯ ವೇಗ 180. ಒಂದು ಆವರ್ತನ ಒಂದು ಬಾರ್. ತೀನ್‌ತಾಲವನ್ನು ಮಾತ್ರೆಗೊಂದು ಕ್ಲಿಕ್ಕಿನಂತೆ ಹಿಡಿದರೆ ನಾಲ್ಕು ಬಾರ್. ಫೋನಿನ ಮೆಟ್ರೊನೋಮಿನಲ್ಲಿ 60ಕ್ಕೆ ಇಟ್ಟು ಶುರು ಮಾಡಿ. ಅದು ಹಿಡಿತಕ್ಕೆ ಬಂದ ಮೇಲೆ ಎರಡು, ನಾಲ್ಕನೆಯ ಬೀಟಿಗೆ ಮಾತ್ರ ಕ್ಲಿಕ್ ಬರುವ ಹಾಗೆ ಮಾಡಿ. ಕೊನೆಗೆ ನಾಲ್ಕು ಬಾರ್ ಕ್ಲಿಕ್, ನಾಲ್ಕು ಬಾರ್ ಮೌನ. ಮೌನ ಮುಗಿದು ಕ್ಲಿಕ್ ಮರಳಿದಾಗ ಅವನು ಅದರ ಮೇಲೇ ಇದ್ದರೆ ರೆಕಾರ್ಡಿಂಗಿಗೆ ಕಳಿಸಬಹುದು.

ಉತ್ತರ ಕನ್ನಡದಿಂದ ಬೆಂಗಳೂರಿಗೆ ಹೋಗುವವರಿಗೆ ಇನ್ನೊಂದು ಬಲೆ ಇದೆ, ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಅಲ್ಲಿ ಸ್ವರ ಬರೆಸುವವರಲ್ಲಿ ಕರ್ನಾಟಕ ಶಾಸ್ತ್ರೀಯ ಕಲಿತವರು ಬಹಳ. ಅವರು ‘ಶುದ್ಧ ರಿಷಭ’ ಎಂದರೆ ನಮ್ಮ ಕೋಮಲ ರಿಷಭ. ‘ಶುದ್ಧ ಧೈವತ’ ನಮ್ಮ ಕೋಮಲ ಧೈವತ. ಅವರ ‘ಶುದ್ಧ ಗಾಂಧಾರ’ ಅಂತೂ ನಮ್ಮ ಶುದ್ಧ ರಿಷಭದ ಜಾಗದಲ್ಲಿದೆ. ಕಲ್ಯಾಣಿ ಎಂದರೆ ಯಮನ್, ಮೋಹನ ಎಂದರೆ ಭೂಪ್ ಎಂದು ಸುಲಭಕ್ಕೆ ಹಿಡಿಯಬಹುದು. ಆದರೆ ‘ಹಿಂದೋಳ’ ಎಂದ ಕೂಡಲೇ ನಮ್ಮ ಹಿಂದೋಲ್‌ನ ತೀವ್ರ ಮಧ್ಯಮ ಹಚ್ಚಿದರೆ ಕೆಟ್ಟಿತು. ಅವರು ಕೇಳಿದ್ದು ಮಾಲಕೌಂಸ್. ಹನ್ನೆರಡು ಸ್ವರಸ್ಥಾನಗಳ ಎರಡೂ ಹೆಸರು ಬಾಯಿಪಾಠ ಆಗಿರಬೇಕು, ಬರೆದುಕೊಳ್ಳುವಾಗ ಬಾರ್ ಗೆರೆ ಹಾಕಿ ಬರೆಯುವ ರೂಢಿ ಬೇಕು. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಅಂದರೆ ಸ್ಟಾಫ್ ನೊಟೇಶನ್, ಬಂದರೆ ಬಹಳ ಒಳ್ಳೆಯದು. ಕಾರವಾರದ ಕಡೆಯವರಿಗೆ ಇದು ದೂರದ ವಿದ್ಯೆಯಲ್ಲ: ಕಾಳಿ ಸೇತುವೆ ದಾಟಿದರೆ ಗೋವಾ, ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವೇ ಇದೆ. ಒಂದು ಕಾಲಕ್ಕೆ ಮುಂಬೈ ಸಿನಿಮಾದ ವಾದ್ಯವೃಂದಗಳಿಗೆ ಸ್ವರ ಬರೆದುಕೊಟ್ಟ ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಮುಂತಾದವರು ಗೋವಾದವರೇ.

ಇನ್ನು ವಾದ್ಯ. ಮಗನ ಕೈಯಲ್ಲಿರುವುದು ಬಹುಶಃ ಬಿಳಿ 3ರ ದೊಡ್ಡ ಬಾನ್ಸುರಿ, ಹತ್ತಿರ ಹತ್ತಿರ ಎರಡೂವರೆ ಅಡಿಯದು. ಹಾಡುಗಳು ಹನ್ನೆರಡು ಶ್ರುತಿಯಲ್ಲೂ ಬರುತ್ತವೆ. ಹಾಗೆಂದು ಮೊದಲ ದಿನವೇ ಹನ್ನೆರಡು ಕೊಳಲು ಕೊಳ್ಳಬೇಕಿಲ್ಲ. ಬಿಳಿ 1, ಕರಿ 1, ಬಿಳಿ 2, ಕರಿ 2, ಬಿಳಿ 3, ಈ ಸಾಲಾದ ಐದು ಸಾಕು. ಒಂದೊಂದರಲ್ಲೂ ಸಾವನ್ನು ಇದ್ದಲ್ಲೇ ಇಟ್ಟು, ಮಧ್ಯಮವನ್ನು ಸಾ ಮಾಡಿ, ಪಂಚಮವನ್ನು ಸಾ ಮಾಡಿ ನುಡಿಸಿದರೆ ಮೂರು ಶ್ರುತಿ ಸಿಗುತ್ತವೆ. ಬಿಳಿ 3ರ ಕೊಳಲು ಬಿಳಿ 6ಕ್ಕೂ ಬಿಳಿ 7ಕ್ಕೂ ಬರುತ್ತದೆ. ಐದನ್ನೂ ಹೀಗೆ ಲೆಕ್ಕ ಹಾಕಿ ನೋಡಿ, ಹನ್ನೆರಡೂ ತುಂಬುತ್ತವೆ. ಕೊರತೆ ಇರುವುದು ಒಂದೇ ಕಡೆ: ಮಧ್ಯಮವನ್ನು ಸಾ ಮಾಡಿದಾಗ ಸಾ ಅರ್ಧ ತೆರೆದ ರಂಧ್ರದ ಮೇಲೆ ಬಂದು ಕೂರುತ್ತದೆ, ಉದ್ದಕ್ಕೆ ನಿಲ್ಲಿಸಿದರೆ ಅಲುಗುತ್ತದೆ. ಕೈಗೆ ದುಡ್ಡು ಬಂದಂತೆ ಆ ಶ್ರುತಿಗಳ ಕೊಳಲನ್ನು ಮೊದಲು ಕೊಳ್ಳಿ. ಎ.ಸಿ. ಕೋಣೆಯಲ್ಲಿ ತಣ್ಣಗಿರುವ ಕೊಳಲಿನ ಸ್ವರ ಇಳಿದಿರುತ್ತದೆ (ಗಾಳಿಯ ಬಿಸಿ ಒಂದು ಡಿಗ್ರಿ ಬದಲಾದರೆ ಸುಮಾರು 3 ಸೆಂಟ್), ಹತ್ತು ನಿಮಿಷ ಊದಿ ಬೆಚ್ಚಗೆ ಮಾಡಿದ ಮೇಲೆಯೇ ಶ್ರುತಿ ನೋಡಬೇಕು. ಕರಾವಳಿಯ ತೇವದಿಂದ ಒಣ ಕೋಣೆಗೆ ಹೋದ ಬಿದಿರು ಸೀಳುವುದೂ ಉಂಟು, ಎಣ್ಣೆ ಸವರಿ ದಾರದ ಕಟ್ಟು ಬಿಗಿಯಾಗಿದೆಯೇ ಎಂದು ನೋಡಿಯೇ ಹೊರಡಬೇಕು.

ಎರಡನೆಯ ವಾದ್ಯ ಕೀಬೋರ್ಡೇ ಆಗಲಿ. ಹಾರ್ಮೋನಿಯಂ ಬಲ್ಲವರ ಬಲಗೈ ತಯಾರಿರುತ್ತದೆ, ಎಡಗೈ ಇಷ್ಟು ವರ್ಷ ಗಾಳಿ ಹಾಕಿದ್ದು ಬಿಟ್ಟರೆ ಬೇರೇನೂ ಕಲಿತಿರುವುದಿಲ್ಲ. ಆ ಎಡಗೈಗೆ ಮೂರು ಸ್ವರದ ಕಾರ್ಡ್ ಹಿಡಿಯಲು ಕಲಿಸಿ. ಹಾಡು ಕಟ್ಟುವ, ಆರೇಂಜ್ ಮಾಡುವ ಬಾಗಿಲು ತೆರೆಯುವುದು ಇಲ್ಲಿಂದ. ತಬಲಾ ಬರುವುದು ಲಯಕ್ಕೆ ದೊಡ್ಡ ಆಸ್ತಿ, ಆದರೆ ತಬಲಾಕ್ಕೆ ತಬಲಾದವರನ್ನೇ ಕರೆಯುತ್ತಾರೆ. ಅದನ್ನು ವೃತ್ತಿಯ ಪಟ್ಟಿಗೆ ಸೇರಿಸಬೇಡಿ.

ಊರಲ್ಲೇ ಕೂತು ಕೆಲಸ ಮಾಡುವುದು ಈಗ ಸಾಧ್ಯ, ಶಿರಸಿಯವರಿಗೆ ಇದೇ ದೊಡ್ಡ ಅನುಕೂಲ. ಹಾಡಿನ ಟ್ರ್ಯಾಕ್ ಕಳಿಸುತ್ತಾರೆ, ಅದರ ಮೇಲೆ ನುಡಿಸಿ ವಾಪಸು ಕಳಿಸುವುದು. ಒಂದು ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಲ್ಯಾಪ್‌ಟಾಪ್ ಬೇಕು. ಕೋಣೆಗೆ ಅಡಿಕೆ ಚೀಲ ಪೇರಿಸಿಟ್ಟ ಮೆತ್ತಿಯೇ ಆದೀತು. ಗೋಣಿ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಆದರೆ ತಗಡಿನ ಮಾಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ರೆಕಾರ್ಡಿಂಗಿನ ಆಸೆ ಬಿಡಬೇಕು, ಹಂಚಿನಡಿಯೂ ಮಳೆ ಬಿಡುವು ಕೊಟ್ಟಾಗಷ್ಟೇ. ಮುಸ್ಸಂಜೆಯ ಜೀರುಂಡೆ ಸದ್ದು ಕೊಳಲಿನ ಉಸಿರಿನ ಜಾಗದಲ್ಲೇ ಕೂರುವುದರಿಂದ ಅದನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಕರೆಂಟು ಹೋಗಿ ಇನ್ವರ್ಟರ್ ಮೇಲಿದ್ದರೆ ಗುಂಯ್ ಎನ್ನುವ ಸದ್ದು ಸೇರಬಹುದು, ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಮೈಕ್ ಊದುವ ರಂಧ್ರದ ನೇರಕ್ಕೆ ಬೇಡ, ಉಸಿರು ಬಡಿಯುತ್ತದೆ. ಊದುವ ರಂಧ್ರ ಮತ್ತು ಮೊದಲ ಬೆರಳಿನ ನಡುವೆ, ಒಂದರಿಂದ ಒಂದೂವರೆ ಅಡಿ ದೂರ, ಸ್ವಲ್ಪ ಮೇಲಿನಿಂದ ಇಳಿಮುಖವಾಗಿ. ಅತಿ ಜೋರಿನ ತಾರ ಸ್ವರ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ನುಡಿಸುವಾಗ ರೆಕಾರ್ಡಿಂಗ್ ಸಾಫ್ಟ್‌ವೇರಿನ ಬಫರ್ (ಕಂಪ್ಯೂಟರ್ ಸದ್ದನ್ನು ತಡೆದಿಟ್ಟುಕೊಳ್ಳುವ ಅಳತೆ) 128ಕ್ಕೆ ಇಡಿ. 1024ರಲ್ಲಿದ್ದರೆ ತನ್ನ ಸ್ವರವೇ 20 ಮಿಲಿಸೆಕೆಂಡಿಗೂ ಮೀರಿ ತಡವಾಗಿ ಕೇಳಿ, ಮಗನ ಲಯವೇ ತಪ್ಪು ಎಂದು ತೋರುತ್ತದೆ. ಒಂದು ಕಿವಿಯ ಹೆಡ್‌ಫೋನ್ ಸರಿಸಿಕೊಂಡು ನುಡಿಸುವವರು ಆ ಬದಿಯನ್ನು ತಲೆಗೆ ಒತ್ತಿಕೊಂಡಿರಬೇಕು, ಇಲ್ಲವಾದರೆ ಕ್ಲಿಕ್ಕಿನ ಸದ್ದು ಮೈಕಿಗೆ ಸೋರುತ್ತದೆ.

ಕಳಿಸುವಾಗ 24 ಬಿಟ್, 48 ಕಿಲೋಹರ್ಟ್ಸ್‌ನ ಮೊನೊ ವೇವ್ ಫೈಲ್. ನಿಮಿಷಕ್ಕೆ 8.6 ಎಂಬಿ, ನಾಲ್ಕು ನಿಮಿಷದ ಹಾಡಿಗೆ ಸುಮಾರು 35. ವಾಟ್ಸಾಪಿನ ವಾಯ್ಸ್ ಮೆಸೇಜಾಗಿ ಕಳಿಸಿದರೆ ಹಿಂಡಿ ಕುಗ್ಗಿಸುತ್ತದೆ, ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಕೊಳಲು ಬರುವುದು ಎರಡನೆಯ ನಿಮಿಷದಲ್ಲೇ ಆದರೂ ಫೈಲ್ ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗಲಿ, ಆಗ ಅವರು ಜಾಗ ಹುಡುಕಬೇಕಿಲ್ಲ. ಅವರ ಪ್ರಾಜೆಕ್ಟ್ 44.1ರಲ್ಲಿ ಇದ್ದು ನಿಮ್ಮ 48ರ ಫೈಲನ್ನು ಪರಿವರ್ತಿಸದೆ ಕೂರಿಸಿದರೆ ಕೊಳಲು ಒಂದೂವರೆ ಸ್ವರಸ್ಥಾನ ಕೆಳಗೆ, ನಿಧಾನವಾಗಿ ಕೇಳುತ್ತದೆ. ಮೊದಲೇ ಕೇಳಿಕೊಳ್ಳಿ. ಮೀಂಡ್‌ಗಳ ಮೇಲೆ ಪಿಚ್ ತಿದ್ದುವ ಸಾಫ್ಟ್‌ವೇರ್ ಹಾಕಬೇಡಿ ಎಂದೂ ಒಂದು ಸಾಲು ಬರೆಯಿರಿ, ಅದು ಮೀಂಡನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ.

ಹೊಟ್ಟೆಪಾಡಿನ ಮಾತು. ಸ್ಟುಡಿಯೋ ಕೆಲಸವೊಂದನ್ನೇ ನೆಚ್ಚಿದರೆ ಮೊದಲ ವರ್ಷಗಳು ಕಷ್ಟ. ಪಾಠ, ವೇದಿಕೆ, ರೆಕಾರ್ಡಿಂಗ್ ಮೂರೂ ಸೇರಿದರೆ ಸಂಸಾರ ನಡೆಯುತ್ತದೆ. ಆದ್ದರಿಂದ ಮಧ್ಯಮಾದ ಮೇಲಿನ ವಿಶಾರದ ಪರೀಕ್ಷೆ ಪೂರ್ಣ ಮಾಡಲಿ, ಆಕಾಶವಾಣಿಯ ಆಡಿಶನ್‌ಗೂ ಕೂರಲಿ: ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಲ್ಲಿ ಬಿ ಸಿಕ್ಕರೂ ಪಾಠ ಹೇಳಲು, ಕಾರ್ಯಕ್ರಮ ಒಪ್ಪಿಕೊಳ್ಳಲು ತೂಕ ಬರುತ್ತದೆ.

ಮತ್ತೊಂದು, ಇದಕ್ಕೆ ಬಹಳ ವಾದಕರು ಗಮನ ಕೊಡುವುದೇ ಇಲ್ಲ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆ ನುಡಿಸಿದವರಿಗೂ ರಾಯಧನದ ಹಕ್ಕು ಕೊಟ್ಟಿದೆ, ಅವಧಿ 50 ವರ್ಷ. ಆದರೆ ಸಿನಿಮಾದಲ್ಲಿ ಆನುಷಂಗಿಕವಾಗಿ ನುಡಿಸಿದ, ರೂಢಿಯಂತೆ ಹೆಸರನ್ನು ಎಲ್ಲೂ ಹಾಕದ ಕಲಾವಿದರನ್ನು ಅದೇ ಕಾಯ್ದೆ, ತನ್ನ ನುಡಿಕೆಯನ್ನು ತಿರುಚಿದಾಗ ಆಕ್ಷೇಪಿಸುವ ಹಕ್ಕೊಂದನ್ನು ಬಿಟ್ಟು, ಪ್ರದರ್ಶಕರೆಂದೇ ಎಣಿಸುವುದಿಲ್ಲ. ಹಾಗಾಗಿ ಟೈಟಲ್ ಕಾರ್ಡಿನ ಹೆಸರು ಬರೀ ಮರ್ಯಾದೆಯ ವಿಷಯವಲ್ಲ. ಫೈಲ್ ಕಳಿಸುವ ಮೊದಲೇ ಒಂದು ಇಮೇಲ್‌ನಲ್ಲಿ ಹಾಡಿನ ಹೆಸರು, ನುಡಿಸಿದ ವಾದ್ಯ, ಒಪ್ಪಿದ ಮೊತ್ತ, ಎಷ್ಟು ಸಲ ತಿದ್ದಿ ಕೊಡುತ್ತೇವೆ, ಹಾಡಿನ ವಿವರದಲ್ಲೂ ಟೈಟಲ್‌ನಲ್ಲೂ ಹೆಸರು ಯಾವ ಕಾಗುಣಿತದಲ್ಲಿ ಬರಬೇಕು, ಇಷ್ಟನ್ನು ಬರೆದು ಅವರ ಕಡೆಯಿಂದ ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ.