ಫೈಬರ್ ದೋಣಿಯೊಳಗಿನ ಮರ: ಜಾತಿಗಿಂತ ಮೊದಲು ಒಣಗು ನೋಡಿ

ಮಲ್ಪೆಯಲ್ಲಿ ನನ್ನ ಬಳಿಗೆ ದುರಸ್ತಿಗೆ ಬರುವ ಫೈಬರ್ ದೋಣಿಗಳ ಟ್ರಾನ್ಸಮ್ಮನ್ನು, ಅಂದರೆ ಔಟ್‌ಬೋರ್ಡ್ ಎಂಜಿನ್ ಕೂರುವ ಹಿಂಬದಿಯ ಗೋಡೆಯನ್ನು, ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡುತ್ತೇನೆ. ಎಲ್ಲಾದರೂ ಸದ್ದು ಮಂದವಾಗಿ ಕೇಳಿಸಿದರೆ ಅಲ್ಲಿ ಸಣ್ಣ ತೂತು ಕೊರೆಯುತ್ತೇನೆ. ಒಣ ಹೊಟ್ಟು ಉದುರುವ ಬದಲು ಕಾಫಿ ಚರಟದಂತಹ ಕಪ್ಪು ಕೆಸರು ಡ್ರಿಲ್ ಬಿಟ್ಟಿಗೆ ಅಂಟಿಕೊಂಡು ಬಂದರೆ ಫೈಬರ್ ಹೊದಿಕೆಯೊಳಗೆ ಬಲಕ್ಕೆಂದು ಕೂರಿಸಿದ ಮರವನ್ನು ಪೂರ್ತಿ ತೆಗೆಯದೆ ಗತಿಯಿಲ್ಲ.

ಆಗ ಮಾಲೀಕರು ಸಾಮಾನ್ಯವಾಗಿ ಸಾಗುವಾನಿಯನ್ನೇ ಕೇಳುತ್ತಾರೆ. ಮರದ ದೋಣಿಗೆ ಅದು ಶ್ರೇಷ್ಠವೇ. ಆದರೆ ಫೈಬರ್ ದೋಣಿಯಲ್ಲಿ ಮರ ಮತ್ತು ರೆಸಿನ್ (ಫೈಬರ್ ಹೊದಿಕೆಯನ್ನು ಗಟ್ಟಿಗೊಳಿಸುವ ಅಂಟುದ್ರವ) ಒಂದಾಗಿ ಹಿಡಿದುಕೊಂಡಾಗ ಮಾತ್ರ ಬಲ ಬರುವುದರಿಂದ, ಸಾಗುವಾನಿಯನ್ನು ಕಾಪಾಡುವ ಅದರ ಎಣ್ಣೆಯಂಶವೇ ಇಲ್ಲಿ ಅಂಟಿಗೆ ಅಡ್ಡಿಯಾಗುತ್ತದೆ. ಹಾಕಲೇಬೇಕೆಂದರೆ ಮೇಲ್ಮೈಯನ್ನು ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಪಾಲಿಯೆಸ್ಟರ್ ರೆಸಿನ್ ಬಿಟ್ಟು, ಹೆಚ್ಚು ಬಿಗಿಯಾಗಿ ಅಂಟುವ ಎಪಾಕ್ಸಿ ರೆಸಿನ್ನನ್ನೇ ಬಳಸಬೇಕು. ಉದ್ದುದ್ದ ಸ್ಟ್ರಿಂಗರ್‌ಗಳಿಗೆ, ಅಂದರೆ ದೋಣಿಯ ತಳದುದ್ದಕ್ಕೂ ಬಲಕ್ಕೆ ಕೂರಿಸುವ ಪಟ್ಟಿಗಳಿಗೆ, ನನ್ನ ಆಯ್ಕೆ ಗಂಟಿಲ್ಲದ, ನೇರ ಎಳೆಯ ಹೆಬ್ಬಲಸಿನ ತಿರುಳು. ಟ್ರಾನ್ಸಮ್ಮಿಗೆ ಐ.ಎಸ್. 710 (ಭಾರತೀಯ ಮಾನಕ) ಗುರುತಿನ ಮೆರೈನ್ ಪ್ಲೈವುಡ್ ಸೂಕ್ತ. ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದೆಂಬುದು ಆ ಮಾನಕದ ಪರೀಕ್ಷೆ.

ಯಾವ ಮರವಾದರೂ ಒಣಗಿರದಿದ್ದರೆ ಎಲ್ಲವೂ ವ್ಯರ್ಥ. ಮರದ ತೇವ ಶೇ. 12ರಿಂದ 15ರೊಳಗಿರಬೇಕು. ನಮ್ಮಲ್ಲಿ ಹೆಚ್ಚಿನ ದುರಸ್ತಿ ನಡೆಯುವುದು ಮೀನುಗಾರಿಕೆ ನಿಷೇಧದ ಜೂನ್, ಜುಲೈ ತಿಂಗಳುಗಳಲ್ಲಿ. ಬಿಡದೆ ಸುರಿಯುವ ಆ ಮಳೆಗಾಲದ ಗಾಳಿಗೆ ತೆರೆದಿಟ್ಟ ಹಲಗೆಯ ತೇವ ಶೇ. 20ರ ಹತ್ತಿರ ಹೋಗುತ್ತದೆ, ಅದರ ಮೇಲೆ ರೆಸಿನ್ ಹೊದಿಸಿದರೆ ಆ ತೇವವನ್ನು ನಾವೇ ಒಳಗೆ ಬಂಧಿಸಿದಂತಾಗುತ್ತದೆ. ಆದ್ದರಿಂದ ಫೆಬ್ರವರಿಯಲ್ಲೇ ಮರ ಕೊಂಡು, ನಡುವೆ ರೀಪು ಇಟ್ಟು ನೆರಳಿನಲ್ಲಿ ಪೇರಿಸಿ, ಮಳೆಗೆ ಮುಂಚೆ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಡಿ ಎಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ತೇವದ ಮೀಟರ್ ಇಲ್ಲದಿದ್ದರೆ ಹಲಗೆಯ ಮಧ್ಯದಿಂದ ಒಂದು ತುಂಡು ಕತ್ತರಿಸಿ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೇಲಿನ ಒವೆನ್‌ನಲ್ಲಿಡಬೇಕು. 115 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ತೇವ ಶೇ. 15.

ಇನ್ನು, ಮರವನ್ನು ಕೊಳೆಸುವುದರಲ್ಲಿ ಕಡಲಿನ ಉಪ್ಪುನೀರಿಗಿಂತ ದೋಣಿಯೊಳಗೆ ನಿಲ್ಲುವ ಮಳೆನೀರೇ ಮುಂದು. ಅದು ನುಗ್ಗುವುದು ಬೋಲ್ಟಿನ ತೂತುಗಳಿಂದ. ಪ್ರತಿ ತೂತನ್ನೂ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಕಲಸಿದ ಎಪಾಕ್ಸಿಯಿಂದ ತುಂಬಿಸಿ, ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಹಲಗೆ ಕತ್ತರಿಸಿದ ಅಂಚುಗಳು ಎಲ್ಲಕ್ಕಿಂತ ಬೇಗ ನೀರು ಹೀರುವುದರಿಂದ ಅವಕ್ಕೂ ಹೊದಿಕೆಗೆ ಮೊದಲೇ ಎರಡು ಕೋಟ್ ಎಪಾಕ್ಸಿ ಕುಡಿಸಬೇಕು.